ಹಿಡಿಯಕ್ಕಿಯ ಧರ್ಮ

ಗೃಹಸ್ಥರು ಮಾಡತಕ್ಕ ಸತ್ಕಾರ್ಯಗಳನ್ನು ನಮ್ಮ ಪೂರ್ವಿಕರು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿರುವರು. ಯಜ್ಞಾದಿಗಳು ಇಷ್ಟ, ಕೆರೆಬಾವಿಗಳನ್ನು ತೋಡಿಸುವುದು, ತೋಪುಗಳನ್ನು ಬೆಳೆಸುವುದು, ಅನ್ನಸತ್ರಗಳನ್ನು ನಡೆಯಿಸುವುದು ಪೂರ್ತ. ತುಂಬುವುದೆಂಬ ಅರ್ಥವುಳ್ಳ ಧಾತುವೇ ಪೂರ್ತಶಬ್ದಕ್ಕೆ ಮೂಲ. ಕೆರೆಯನ್ನು ಕಟ್ಟಿಸಿದ ಮಾತ್ರಕ್ಕೆ ಧರ್ಮವು ಪೂರೈಸಲಿಲ್ಲ. ಅದು ವರ್ಷವರ್ಷವೂ ತುಂಬಬೇಕು. ಕಡೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಜನಪದರ ಹಾಡಿನಿಂದ ನಾಡಿಗೆಲ್ಲ ಹೆಸರಾದ ಮದಗದ ಕೆರೆಯು ನಮ್ಮ ತಾಲ್ಲೂಕಿನದೇ. ಏರಿಯು ಎಷ್ಟು ಭದ್ರವಾಗಿದ್ದರೇನು? ಹಳ್ಳಗಳ ನೀರು ಬಾರದ ವರ್ಷ ಕೆರೆಯ ಕೆಳಗಣ ಗದ್ದೆಗಳು ಒಣಗುವುವು.

ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳನ್ನು ಸಾಕಿ ಓದಿಸುವ ಧರ್ಮಸಂಸ್ಥೆಗಳೂ ಇಂತಹ ಕೆರೆಗಳೇ ಸರಿ. ಅವುಗಳಿಗೆ ಬರವು ಬರುವುದು ಬಹುಮಟ್ಟಿಗೆ ಒಂದೇ ದಾರಿಯಲ್ಲಿ. ಕಟ್ಟಡಕ್ಕೆ ದಾನಿಗಳು ದೊರೆಯುವರು, ಅಲ್ಲಿ ಹೆಸರು ಕೆತ್ತಿಸಲು ಕಲ್ಲುಂಟು. ಮಗುವಿನ ಹುಟ್ಟಿದ ಹಬ್ಬಕ್ಕೆ ಪಾಯಸ ಮಾಡಿಸುವವರೂ ದೊರೆಯುವರು. ಆದರೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸುವ ಉಪಾಧ್ಯಾಯರ ಸಂಬಳ, ಸೆಡೆತ ಕೈಕಾಲುಗಳನ್ನು ದಿನವೂ ತೀಡಿ ನಡೆಯಿಸುವ ಆಯಾಳ ಕೂಲಿ, ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ಗಾಡಿಯ ಖರ್ಚು, ಇವುಗಳ ಮೇಲೆ ಹೆಸರು ಕೆತ್ತಿಸಲು ಕಲ್ಲಿಲ್ಲ. ಸಾಮಾನ್ಯ ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರು ಪಾಠ ಹೇಳಿಯಾರು. ಇಲ್ಲಿ ಎಂಟು ಹತ್ತು ಮಕ್ಕಳಿಗೇ ಒಬ್ಬರು ಬೇಕು. ಸಹಾಯಧನವು ತಡವಾದರೆ ಕಿರಾಣಿಯವನಲ್ಲಿ ಸಾಲ. ಸಾಲವು ಬೆಳೆದರೆ ಉಪಾಧ್ಯಾಯರು ಬಿಟ್ಟುಹೋಗುವರು. ಅವರು ಹೋದಮೇಲೆ ಮಕ್ಕಳನ್ನು ಮನೆಗೆ ಕಳುಹಿಸುವುದೊಂದೇ ಉಳಿಯುವುದು. ೨೦೨೦ನೆಯ ಇಸವಿಯ ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ, ಮದುವೆ ಜಾತ್ರೆಗಳು ನಿಂತು, ದಾನಿಗಳ ಸಂಪಾದನೆಯೇ ಕುಗ್ಗಿದಾಗ ಇಂತಹ ಅನೇಕ ಸಂಸ್ಥೆಗಳು ಸಂಕಟಕ್ಕೀಡಾದುವು.

ನಾವು ಅಜ್ಜಂಪುರದ ಕಡೆಯ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದಾಗ, ಈರುಳ್ಳಿ ಹೊಲಗಳಲ್ಲಿ ಕೂಲಿಮಾಡುವ ಹೆಣ್ಣುಮಗಳೊಬ್ಬಳ ಮಗನು ನಮ್ಮ ತರಗತಿಯ ಬಾಗಿಲಲ್ಲಿ ಬಂದು ಕುಳಿತುಕೊಳ್ಳುತ್ತಿದ್ದನು. ಅವನಿಗೆ ದೃಷ್ಟಿಯಿರಲಿಲ್ಲ, ಒಮ್ಮೆ ಕೇಳಿದ ಪದ್ಯವನ್ನು ರಾಗಸಹಿತವಾಗಿ ಒಪ್ಪಿಸುತ್ತಿದ್ದನು. ಅದಕ್ಕೆ ಮೊದಲು ಅವನನ್ನು ಪಟ್ಟಣದ ಒಂದು ಶಾಲೆಗೆ ಸೇರಿಸಿದ್ದರು. ಹಣವಿಲ್ಲದೆ ಆ ಶಾಲೆಯು ನಿಂತುಹೋಗಿ, ಹುಡುಗನು ಆರೇ ತಿಂಗಳಲ್ಲಿ ತಗಡಿನ ಟ್ರಂಕಿನೊಡನೆ ಹಿಂದಿರುಗಿದ್ದನು. ೧೯೯೬ರಲ್ಲಿ ತಾಯಿಮಕ್ಕಳಿಬ್ಬರನ್ನೂ ರೈಲಿನಲ್ಲಿ ಹುಬ್ಬಳ್ಳಿಯ ಮಾರ್ಗವಾಗಿ ಗದುಗಿಗೆ ಕರೆದೊಯ್ದೆವು. ದಾರಿಯಲ್ಲಿ ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಇವ್ರೂ ನಾಳೆ ದುಡ್ಡಿಲ್ಲ ಅಂತ ಹುಡುಗನ್ನ ವಾಪಸ್ ಕಳಿಸಿಬಿಟ್ರೆ ಏನ್ ಮಾಡ್ಲಿ?” ಎಂದಳು.

“ಕೇಳಮ್ಮಾ” ಎಂದು ನಾವು ಆಕೆಗೆ ಹೇಳಿದುದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯನ್ನೇ. ಅದರ ಮೂಲಪುರುಷರಾದ ಪಂಚಾಕ್ಷರಿ ಗವಾಯಿಗಳು ೧೮೯೨ರಲ್ಲಿ ಹಾನಗಲ್ಲು ತಾಲ್ಲೂಕಿನಲ್ಲಿ ದೃಷ್ಟಿಯಿಲ್ಲದೆಯೇ ಜನಿಸಿದವರು. ಹಾನಗಲ್ಲಿನ ಕುಮಾರಸ್ವಾಮಿಗಳ ಆಶ್ರಯದಿಂದ ಕರ್ಣಾಟಕ, ಹಿಂದೂಸ್ಥಾನಿ ಎಂಬ ಎರಡು ಪದ್ಧತಿಗಳ ಸಂಗೀತವನ್ನೂ ಸಾಧಿಸಿ, ಕಣ್ಣಿಲ್ಲದ ಹಾಗೂ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಬಹುಕಾಲ ಅದು ಊರಿಂದೂರಿಗೆ ಸಂಚರಿಸುವ ಪಾಠಶಾಲೆ. ಭಕ್ತರು ನೀಡಿದುದೇ ಅದರ ಬಂಡವಾಳ. ಕಡೆಗೆ ಗದುಗಿನಲ್ಲಿ ನೆಲೆಯು ದೊರೆಯಿತು. ಉಣ್ಣುವವರು ಹೆಚ್ಚಿದಂತೆ ಭಿಕ್ಷೆಯೊಂದೇ ಸಾಲದೆ, ನಾಟಕದ ಮಂಡಳಿಯ ಸಂಪಾದನೆಯನ್ನೂ ಆಶ್ರಯಿಸಬೇಕಾಯಿತು. ನಾಟಕದ ಉದ್ಯೋಗವೆಂದರೆ ಮುಗಿಲನ್ನು ನಂಬಿದ ಬೇಸಾಯವೇ. ಒಂದು ರಾತ್ರಿಯ ಮಳೆಗೆ ಜನವು ಬಾರದಿದ್ದರೂ ಮರುದಿನದ ಅಡಿಗೆಯು ಆಗಲೇಬೇಕಷ್ಟೆ.

೧೯೪೪ರಲ್ಲಿ ಗುರುಗಳು ಕಾಲವಾದಾಗ ಈ ಭಾರವೆಲ್ಲವೂ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಅವರಿಗಾಗ ಮೂವತ್ತು ವಯಸ್ಸು. ಅವರೂ ಶೈಶವದಲ್ಲಿಯೇ ಕಣ್ಣನ್ನು ಕಳೆದುಕೊಂಡವರು. ಅವರು ನಾಟಕಗಳನ್ನು ತಾವೇ ರಚಿಸಿ, ಆಡಿಸಿ, ಬಂದ ಹಣವನ್ನು ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು. ಮುಂದೆ ಊರೂರುಗಳಲ್ಲಿ ಜನರು ಅವರಿಗೆ ನಾಣ್ಯಗಳ ತುಲಾಭಾರವನ್ನು ಮಾಡುವ ಪದ್ಧತಿಯು ಬೆಳೆಯಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಗವಾಯಿಗಳು, ಮತ್ತೊಂದರಲ್ಲಿ ಚಿಲ್ಲರೆ ಕಾಸು. ಆ ಕಾಸು ಆಶ್ರಮದ ಮಕ್ಕಳಿಗೆ. ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ದೇಹವನ್ನು ಬಿಟ್ಟರು. ಆಶ್ರಮವು ನಿಲ್ಲಲಿಲ್ಲ. ನಾವು ಕರೆದೊಯ್ದ ಹುಡುಗನು ಇಂದು ಮಕ್ಕಳಿಗೆ ಸಂಗೀತವನ್ನು ಹೇಳಿಕೊಡುತ್ತ ತಾಯಿಯನ್ನು ಸಾಕುತ್ತಿರುವನು.

ಈ ಕಥೆಯಲ್ಲಿ ನಾವು ಗಮನಿಸತಕ್ಕ ಅಂಶಗಳು ಎರಡು. ಆಶ್ರಮವನ್ನು ಉಳಿಸಿದುದು ಒಬ್ಬ ಕುಬೇರನ ದಾನವಲ್ಲ, ಸಾವಿರಾರು ಮನೆಗಳ ಚಿಲ್ಲರೆ ಕಾಸು. ಎರಡನೆಯದಾಗಿ, ಅಲ್ಲಿಯ ಮಕ್ಕಳು ಬರಿಯ ಕರುಣೆಗೆ ಪಾತ್ರರಾಗಿ ಕುಳಿತುಕೊಳ್ಳದೆ ಜನರಿಗೆ ಗಾನವನ್ನು ಕೊಟ್ಟರು. ಆದರೆ ಎಲ್ಲ ಮಕ್ಕಳೂ ಹಾಡಲಾರರು. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದಕ್ಕೆ ಎರಡು ವರ್ಷ ಕಲಿಯಬೇಕಾದ ಮಗುವೂ ಇದೆ. ಅದು ನಮಗೆ ಹಿಂದಿರುಗಿ ಏನನ್ನೂ ಕೊಡಲಾರದೆಂಬ ಕಾರಣದಿಂದ ಅದರ ಅನ್ನದ ಹಕ್ಕು ಕಡಿಮೆಯಾಗದು.

ಸರಕಾರವು ನೋಡಿಕೊಳ್ಳಲಿ ಎನ್ನುವವರುಂಟು. ಸರಕಾರದ ಹೊಣೆಯು ದೊಡ್ಡದೇ. ಮೈಸೂರಿನಲ್ಲಿ ೧೯೦೧ರಲ್ಲಿ ಎಂ. ಶ್ರೀನಿವಾಸರಾಯರು ಆರಂಭಿಸಿದ ಕಿವುಡ ಮತ್ತು ಕುರುಡ ಮಕ್ಕಳ ಶಾಲೆಯು ಇಂದು ಸರಕಾರದ ಶಾಲೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಕಾನೂನು ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ತಂದೆತಾಯಿಗಳು ಆ ಹಕ್ಕನ್ನು ಧೈರ್ಯವಾಗಿ ಕೇಳಬೇಕು. ಆದರೆ ಆಜ್ಞೆಯು ಹೊರಟು ಹಣವು ಬರುವವರೆಗಿನ ತಿಂಗಳುಗಳಲ್ಲಿಯೂ ಮಗುವಿಗೆ ದಿನಕ್ಕೆ ಮೂರು ಹೊತ್ತು ಹಸಿವಾಗುವುದು.

ಇದಕ್ಕೆ ಉಪಾಯವು ನಮ್ಮ ಮನೆಗಳಲ್ಲಿಯೇ ಇದ್ದಿತು. ನಮ್ಮ ತಂದೆಯವರು ಕಡೂರಿನಲ್ಲಿ ವಾರಾನ್ನದಿಂದ ಓದಿದವರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ಮನೆಗಳು. ಆ ಏಳರಲ್ಲಿ ಯಾವುದೂ ಶ್ರೀಮಂತರ ಮನೆಯಲ್ಲ. ಒಂದು ಮನೆಗೆ ಕಷ್ಟ ಬಂದರೂ ಒಂದು ದಿನದ ಊಟವು ತಪ್ಪುತ್ತಿತ್ತೇ ಹೊರತು ಆರು ದಿನದ ಊಟಕ್ಕೆ ಚ್ಯುತಿಯಿರಲಿಲ್ಲ. ಅಕ್ಕಿಯನ್ನು ಅಳೆಯುವಾಗ ದಿನಕ್ಕೊಂದು ಹಿಡಿಯನ್ನು ಬೇರೆಯ ಗಡಿಗೆಗೆ ಹಾಕುವ ಹಿಡಿಯಕ್ಕಿಯ ವಾಡಿಕೆಯೂ ಇಂತಹುದೇ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳಲ್ಲಿ ಸೇರಿ ೩೦೦ ಮನೆಯವರು ತಿಂಗಳಿಗೆ ೧೦೦ ರೂಪಾಯಿಯಂತೆ ತಪ್ಪದೆ ಕೊಟ್ಟರೆ ತಿಂಗಳಿಗೆ ೩೦,೦೦೦, ವರ್ಷಕ್ಕೆ ೩,೬೦,೦೦೦ ರೂಪಾಯಿಗಳಾಗುವುವು. ಒಬ್ಬ ಉಪಾಧ್ಯಾಯರು, ಒಬ್ಬ ಆಯಾ, ಇಬ್ಬರೂ ನಿಲ್ಲಲು ಅದು ದೊಡ್ಡ ಆಸರೆ.

ಸಂಸ್ಥೆಯವರ ಕರ್ತವ್ಯವೂ ಇದೆ. ತಿಂಗಳ ಜಮಾಖರ್ಚನ್ನು ಬಾಗಿಲ ಮೇಲೆಯೇ ಅಂಟಿಸಲಿ. ಮೂರು ತಿಂಗಳ ವೆಚ್ಚವನ್ನು ಬೇರೆಯಾಗಿಟ್ಟು, ಅದನ್ನು ಹೊಸ ಕೋಣೆಯ ಆಸೆಗೆ ಮುಟ್ಟದಿರಲಿ. ಸಾಲವಿದ್ದರೆ ಅದನ್ನೂ ಬಚ್ಚಿಡದೆ ಹೇಳಲಿ. ಲೆಕ್ಕವನ್ನು ಕಂಡ ಮನೆಯವರು ಕೈಬಿಡುವುದು ಅಪರೂಪ.

ವಾಚಕ ಮಹಾಶಯರಲ್ಲಿ, ಮುಖ್ಯವಾಗಿ ಮನೆಯ ಲೆಕ್ಕವನ್ನು ಬರೆಯುವ ಗೃಹಿಣಿಯರಲ್ಲಿ, ನಮ್ಮ ಬಿನ್ನಹವು ಇಷ್ಟೆ. ನಿಮ್ಮ ಊರಿಗೆ ಹತ್ತಿರವಾದ ಇಂತಹ ಶಾಲೆಯನ್ನು ಒಮ್ಮೆ ಕಣ್ಣಾರೆ ನೋಡಿಬನ್ನಿರಿ. ಮನಸ್ಸಿಗೆ ಬಂದರೆ, ತಿಂಗಳ ಲೆಕ್ಕದಲ್ಲಿ ಹಾಲಿನ ಬಾಬಿಗೂ ಪತ್ರಿಕೆಯ ಬಾಬಿಗೂ ನಡುವೆ ಅದರ ಹೆಸರನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಿರಿ. ಮೊತ್ತವು ಚಿಕ್ಕದಾಗಿರಲಿ, ಸಾಲು ಮಾತ್ರ ಯಾವ ತಿಂಗಳೂ ಬಿಟ್ಟುಹೋಗದಿರಲಿ.