ಬೆಚ್ಚಗಿನ ವೆಚ್ಚ

ಗೆಳೆಯನ ಅಡುಗೆಮನೆಯ ಕಟ್ಟೆಯ ಮೇಲೆ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಒರಗಿಸಿ, ಅಂಗೈಯಗಲದ ಒಂದು ಪೆಟ್ಟಿಗೆ ಇಟ್ಟಿದ್ದರು. ಅದರ ಮುಖದ ಮೇಲೆ ಹೊಳೆಯುವ ಅಂಕಿಗಳು, ಕೆಳಗೊಂದು ಹಸಿರು ದೀಪ. ಇಂಗ್ಲೆಂಡಿನ ಲೆಸ್ಟರಿಗೆ ಬಂದಿಳಿದ ದಿನ, ಪ್ರಯಾಣದ ಜೋಂಪು ಇನ್ನೂ ಇಳಿಯದೆ ಇರುವಾಗ, ‘ನಿಮ್ಮ ಗಡಿಯಾರ ಕೆಟ್ಟಿದೆ. ಮಧ್ಯಾಹ್ನ ಹನ್ನೆರಡಾದ್ರೂ 2.47 ತೋರಿಸ್ತಾ ಇದೆ’ ಅಂದೆ. ಗೆಳೆಯ ನಕ್ಕ.

‘ಅದು ಗಂಟೆ ಅಲ್ಲ ಮಾರಾಯ, ದುಡ್ಡು.’

ರಾತ್ರಿ ಹನ್ನೆರಡರಿಂದ ಆ ಕ್ಷಣದವರೆಗೆ ಮನೆಯಲ್ಲಿ ಉರಿದ ಗ್ಯಾಸಿಗೂ ಕರೆಂಟಿಗೂ ಎಷ್ಟು ಪೌಂಡು ಎಷ್ಟು ಪೆನ್ಸು ಎಂಬುದನ್ನು ಆ ಪೆಟ್ಟಿಗೆ ಲೆಕ್ಕ ಹಾಕಿ ತೋರಿಸುತ್ತದೆ. ಹೊರಗೆ ಗೋಡೆಯಲ್ಲಿರುವ ಸ್ಮಾರ್ಟ್ ಮೀಟರಿನ ಒಳಮನೆಯ ವಕ್ತಾರ ಅದು. ಕರೆಂಟು ಕಡಿಮೆ ಎಳೆದರೆ ಹಸಿರು, ಸ್ವಲ್ಪ ಹೆಚ್ಚಾದರೆ ಹಳದಿ, ಮಿತಿಮೀರಿದರೆ ಕೆಂಪು. ನಾನು ಚಹಾಕ್ಕೆಂದು ಕೆಟಲಿನ ಗುಂಡಿ ಒತ್ತಿದೆ. ಅಲ್ಲಿಯ ಕೆಟಲುಗಳು ಮೂರು ಕಿಲೋವ್ಯಾಟಿನ ರಾಕ್ಷಸರು, ನಿಮಿಷಾರ್ಧದಲ್ಲಿ ಸೊಂಯ್ ಎನ್ನುತ್ತವೆ. ಪೆಟ್ಟಿಗೆ ಕೂಡಲೇ ಕೆಂಪಾಗಿ ನನ್ನನ್ನೇ ದಿಟ್ಟಿಸಿತು. ದಿನಕ್ಕೆ ಆರು ಸಲ ಚಹಾ ಕುಡಿಯುವ ಅಭ್ಯಾಸವಿದ್ದ ನಾನು ಅಂದಿನಿಂದ ಅದಕ್ಕೆ ಬೆನ್ನು ಕೊಟ್ಟು ನಿಂತೇ ಚಹಾ ಮಾಡುವುದನ್ನು ಕಲಿತೆ.

ಈ ಗೆಳೆಯ ಮತ್ತು ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವನು ಲೆಸ್ಟರ್ ಸೇರಿ ಇಪ್ಪತ್ತು ವರ್ಷ ದಾಟಿದೆ. ಪ್ರತಿ ಸಲ ಫೋನಿನಲ್ಲೂ ‘ಜೂನಲ್ಲಿ ಬಾ, ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ’ ಎನ್ನುತ್ತಿದ್ದ. ಜೂನೆಂದರೆ ನಮ್ಮಲ್ಲಿ ಮಳೆಗಾಲ, ತೋಟದ ಕೆಲಸ. ನಾನೂ ನನ್ನ ಹೆಂಡತಿಯೂ ಕೊನೆಗೂ ಹೊರಟದ್ದು ಡಿಸೆಂಬರಿನಲ್ಲಿ, ಬೇಡ ಅಂದ ಹೊತ್ತಿಗೇ ಬರುವ ನೆಂಟರ ಹಾಗೆ.

ಅವನ ಮನೆ ವಿಕ್ಟೋರಿಯಾ ರಾಣಿಯ ಕಾಲದ್ದು. ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಕೆಂಪು ಇಟ್ಟಿಗೆಯ ಮನೆಗಳ ಸಾಲಿನಲ್ಲಿ ಒಂದು. ಕೋಣೆಗೊಂದು ಕಲ್ಲಿದ್ದಲ ಒಲೆ ಉರಿಯುತ್ತದೆಂದು ನಂಬಿ ಕಟ್ಟಿದ ಮನೆ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದ ವಿಷದ ಮಂಜು ಸಾವಿರಾರು ಜನರನ್ನು ಕೊಂದ ಮೇಲೆ, 1956ರಲ್ಲಿ ಹೊಗೆಯ ವಿರುದ್ಧ ಕಾನೂನು ಬಂತು. ಊರೂರುಗಳಲ್ಲಿ ಕಲ್ಲಿದ್ದಲ ಒಲೆಗಳು ಒಂದೊಂದಾಗಿ ಆರಿದವು. ಈಗ ಆ ಒಲೆಯ ಬಾಯಲ್ಲಿ ಹೂದಾನಿ ಕೂತಿದೆ. ಮನೆ ಕಾಯಿಸುವ ಕೆಲಸ ಅಡುಗೆಮನೆಯ ಗೋಡೆಯ ಗ್ಯಾಸ್ ಬಾಯ್ಲರಿನದು. ಅದು ನೀರು ಕಾಯಿಸಿ ಕೋಣೆಕೋಣೆಯ ರೇಡಿಯೇಟರುಗಳಿಗೆ ಅಟ್ಟುತ್ತದೆ. ಬಾಗಿಲ ಕೆಳಗಿನ ಸಂದಿಯಿಂದ ಗಾಳಿ ನುಗ್ಗದಂತೆ ಹತ್ತಿ ತುಂಬಿದ ಉದ್ದನೆಯ ಬಟ್ಟೆಯ ಸುರುಳಿಯೊಂದನ್ನು ಅಡ್ಡ ಮಲಗಿಸುತ್ತಾರೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ರಾತ್ರಿ ಕತ್ತಲಲ್ಲಿ ಅದರ ಮೇಲೆ ಕಾಲಿಟ್ಟ ನಾನು ಹಾರಿದ ಹಾರುವಿಕೆಗೆ ಮೂರು ತಲೆಮಾರಿನ ಮಲೆನಾಡಿನ ಅಭ್ಯಾಸವೇ ಕಾರಣ.

ಮನೆಯ ನಿಜವಾದ ಆಡಳಿತ ನಡೆಯುತ್ತಿದ್ದುದು ಮೆಟ್ಟಿಲ ಬುಡದಲ್ಲಿದ್ದ ಥರ್ಮೋಸ್ಟಾಟಿನ ಮುಂದೆ. ಗೆಳೆಯ ಅತ್ತ ಹೋಗುವಾಗ ಅದನ್ನು ಇಪ್ಪತ್ತೊಂದಕ್ಕೆ ಏರಿಸುತ್ತಿದ್ದ. ಅವನ ಹೆಂಡತಿ ಇತ್ತ ಬರುವಾಗ ಅದನ್ನು ನೋಡಿ ಒಂದು ಕ್ಷಣ ನಿಂತು, ನಮ್ಮತ್ತ ಕಣ್ಣು ಹಾಯಿಸಿ, ಮುಟ್ಟದೆ ಮುಂದೆ ಹೋಗುತ್ತಿದ್ದರು. ಶೀತಲ ಸಮರ ಎಂಬ ಮಾತನ್ನು ಕನ್ನಡ ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೆ. ಡಿಗ್ರಿಯ ಲೆಕ್ಕದಲ್ಲಿ ಕಂಡದ್ದು ಇಲ್ಲಿಯೇ. ಅವರ ಮಗಳು ಮಾತ್ರ ಅರ್ಧ ತೋಳಿನ ಅಂಗಿ ತೊಟ್ಟು ಮನೆತುಂಬ ಕುಣಿದಾಡಿಕೊಂಡಿದ್ದಳು. ಮೂರನೆಯ ದಿನವೇ ‘ಅಂಕಲ್, ನೀವು ಇನ್ನೂ ಒಂದು ತಿಂಗಳು ಇರಿ, ಪ್ಲೀಸ್’ ಅಂದಳು. ನನ್ನ ಕಥೆಗಳು ಹುಡುಗಿಗೆ ಬಲು ಹಿಡಿಸಿವೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡೆ.

ಸ್ನಾನದ ವಿಷಯಕ್ಕೆ ಬಂದರೆ ನಾನು ಹಂಡೆಯ ಸಂಪ್ರದಾಯದವನು. ನಮ್ಮಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುರುಕಿದರೆ ಆಯಿತು, ಮೈ ಕೆಂಪಾಗುವವರೆಗೆ ಹೊಯ್ದುಕೊಂಡರೂ ಕೇಳುವವರಿಲ್ಲ. ಇಲ್ಲಿಯ ಬಾಯ್ಲರಿನಲ್ಲಿ ನೀರಿನ ಸಂಗ್ರಹವೇ ಇಲ್ಲ. ನಲ್ಲಿ ತಿರುಗಿಸಿದಾಗಲೇ ಕಾಯಿಸಿ ಕೊಡುತ್ತದೆ, ಅದೂ ಒಂದು ಹೊತ್ತಿಗೆ ಒಬ್ಬರಿಗೆ ಸರಿಯಾಗಿ. ನಾನು ಮೇಲೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಾಗ ಕೆಳಗೆ ಯಾರೋ ಪಾತ್ರೆ ತೊಳೆಯಲು ಬಿಸಿನೀರು ಬಿಟ್ಟರು. ಶಿವ ಶಿವಾ! ಆವತ್ತಿನಿಂದ ಸ್ನಾನಕ್ಕೆ ಹೋಗುವ ಮುನ್ನ ಮೆಟ್ಟಿಲ ಮೇಲೆ ನಿಂತು ‘ನಾನು ಹೊರಟೆ’ ಎಂದು ಊರಿಗೆ ಹೊರಟವನ ಹಾಗೆ ಕೂಗಿ ಹೇಳುವುದು ವಾಡಿಕೆಯಾಯಿತು. ಪಾಯಿಖಾನೆಯ ಮೂಲೆಯಲ್ಲಿ ಗಿಡಕ್ಕೆ ನೀರು ಹಾಕುವ ಹಸಿರು ಪ್ಲಾಸ್ಟಿಕ್ ಜಾರಿಯೊಂದಿತ್ತು, ಗಿಡವಿರಲಿಲ್ಲ. ಚೊಂಬಿನ ಈ ವಿಲಾಯಿತಿ ಅವತಾರವನ್ನು ನೋಡಿ ನನ್ನ ಹೆಂಡತಿಗೆ ಅರ್ಧ ಊರು ಸಿಕ್ಕಷ್ಟು ಸಮಾಧಾನವಾಯಿತು.

ಚಳಿಯನ್ನು ಹೇಗೋ ಸುಧಾರಿಸಬಹುದು, ಕತ್ತಲನ್ನು ಸುಧಾರಿಸುವುದು ಕಷ್ಟ. ನಮ್ಮ ಬೆಂಗಳೂರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಕೆಳಗಿಳಿಯುವುದಿಲ್ಲ. ಲೆಸ್ಟರಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಬರುವುದೇ ಬೆಳಿಗ್ಗೆ ಎಂಟು ದಾಟಿದ ಮೇಲೆ; ನಾಲ್ಕು ಹೊಡೆಯುವ ಮೊದಲೇ ಹೊರಟುಹೋಗುತ್ತಾನೆ. ಇದ್ದಷ್ಟು ಹೊತ್ತಾದರೂ ತಲೆಯ ಮೇಲೆ ಬರುತ್ತಾನೆಯೇ ಎಂದರೆ, ಮಟಮಟ ಮಧ್ಯಾಹ್ನದಲ್ಲೂ ಎದುರುಮನೆಯ ಹೊಗೆಗೂಡಿನ ಹಿಂದೆ ಸಾಲಗಾರನ ಹಾಗೆ ಅಡಗಿರುತ್ತಾನೆ. ಶರತ್ಕಾಲ, ಚಳಿಗಾಲಗಳಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೊಗ್ರಾಂ ಡಿ ವಿಟಮಿನ್ ಸೇವಿಸುವುದನ್ನು ಯೋಚಿಸಿ ಎಂದು ಅಲ್ಲಿಯ ಸರಕಾರಿ ಆರೋಗ್ಯ ಸೇವೆಯೇ ಸಲಹೆ ಕೊಡುತ್ತದೆ. ಬೆಳಗಿನ ತಿಂಡಿಯ ಜೊತೆ ಗೆಳೆಯ ನಮ್ಮಿಬ್ಬರ ಅಂಗೈಗೂ ಒಂದೊಂದು ಗುಳಿಗೆ ಹಾಕುತ್ತಿದ್ದ, ತೀರ್ಥ ಕೊಡುವ ಹಾಗೆ. ನನ್ನ ಹೆಂಡತಿಗೆ ಮುಸ್ಸಂಜೆಗೆ ದೇವರ ದೀಪ ಹಚ್ಚಲೇಬೇಕು. ಆಕೆ ಮೂರೂ ಮುಕ್ಕಾಲಿಗೆ ದೀಪ ಹಚ್ಚಿದಳು. ದೀಪ ಹಚ್ಚಿದ ಮೇಲೆ ಅಡುಗೆಯ ಯೋಚನೆ, ಅಡುಗೆಯಾದ ಮೇಲೆ ಊಟ. ಆರು ಗಂಟೆಗೆ ಊಟ ಮುಗಿಸಿ ಕೈತೊಳೆದು ನೋಡಿದರೆ ರಾತ್ರಿ ಇನ್ನೂ ಹದಿನಾಲ್ಕು ಗಂಟೆ ಬಾಕಿ ಇತ್ತು.

ಒಂದು ಬೆಳಿಗ್ಗೆ ಕಾರಿನ ಮುಂಗಾಜಿನ ಮೇಲೆ ಹಿಮ ಹೆಪ್ಪುಗಟ್ಟಿ ಕಲ್ಲುಸಕ್ಕರೆಯ ಹಾಗೆ ಕೂತಿತ್ತು. ಉಪಕಾರ ಮಾಡೋಣವೆಂದು ಕೆಟಲಿನ ಕುದಿನೀರು ಹಿಡಿದು ಹೊರಟೆ. ಗೆಳೆಯ ಚಪ್ಪಲಿಯಿಲ್ಲದೆ ಓಡಿಬಂದು ‘ಗಾಜು ಸೀಳಿಹೋಗತ್ತೆ ಮಾರಾಯ!’ ಎಂದು ಕೈ ಹಿಡಿದ. ಆಮೇಲೆ ಇಬ್ಬರೂ ಸೇರಿ ಕೆರೆದೆವು, ಅವನು ಅದಕ್ಕೆಂದೇ ಇದ್ದ ಪ್ಲಾಸ್ಟಿಕ್ ಪಟ್ಟಿಯಿಂದ, ನಾನು ಅವಧಿ ಮುಗಿದ ನನ್ನ ಎಟಿಎಂ ಕಾರ್ಡಿನಿಂದ. ಆ ಕಾರ್ಡು ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಪಕ್ಕದ ಮನೆಯ ಅಜ್ಜಿ ಬಾಗಿಲು ತೆರೆದು ಹಾಲಿನ ಬಾಟಲಿ ಒಳಗೆ ತೆಗೆದುಕೊಳ್ಳುತ್ತ ‘ಇವತ್ತು ಸ್ವಲ್ಪ ತಣ್ಣಗಿದೆ, ಅಲ್ಲವೆ?’ ಅಂದರು. ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿತ್ತು. ‘ಹೌದು, ಸ್ವಲ್ಪ’ ಎಂದ ಗೆಳೆಯ. ಅಜ್ಜಿ ಸಂತೋಷದಿಂದ ಒಳಗೆ ಹೋದರು. ‘ಇದೇನು ಮಾತು?’ ಎಂದು ಕೇಳಿದೆ. ‘ನಮ್ಮೂರಲ್ಲಿ ಊಟ ಆಯ್ತಾ ಅಂತ ಕೇಳೋದಿಲ್ವಾ? ಊಟ ಹಾಕಲಿಕ್ಕಾ ಕೇಳೋದು? ಹಾಗೇ ಇದು’ ಎಂದ.

ತರಕಾರಿಗೆ ಬೆಲ್‌ಗ್ರೇವ್ ರಸ್ತೆಗೆ ಹೋಗುತ್ತಿದ್ದೆವು. ಕರಿಬೇವು, ನುಗ್ಗೆಕಾಯಿ, ಎಳೆ ಬದನೆ, ಎಲ್ಲ ಸಿಗುತ್ತದೆ. ಅಂಗಡಿಗಳಲ್ಲಿ ಕೇಳುವುದು ಗುಜರಾತಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು ಹೊರದೂಡಿದಾಗ, ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ, ನಮ್ಮಲ್ಲಿ ಜಾಗವಿಲ್ಲ, ದಯವಿಟ್ಟು ಬರಬೇಡಿ ಎಂಬರ್ಥದಲ್ಲಿ ಬೇಡಿಕೊಂಡಿತ್ತು. ಅವರು ಸಾವಿರಗಟ್ಟಲೆ ಬಂದರು. ಇವತ್ತು ಇದೇ ರಸ್ತೆಯ ದೀಪಾವಳಿ ಊರಿನ ಹೆಮ್ಮೆ. ಬೇಡ ಅಂದ ಹೊತ್ತಿಗೇ ಬರುವ ನೆಂಟರ ಬಗ್ಗೆ ಮೇಲೆ ಹಗುರಾಗಿ ಮಾತಾಡಿದೆನಲ್ಲ, ಅದನ್ನು ಅಲ್ಲಿ ಕರಿಬೇವು ಆರಿಸುವಾಗ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಹಗಲು ಹೊತ್ತು ಗೆಳೆಯ ಕೆಲಸಕ್ಕೆ ಹೋದಾಗ ನಾನು ಹತ್ತಿರದ ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಬೆಚ್ಚಗಿತ್ತು. ಕೋಟು ಬಿಚ್ಚದ ಏಳೆಂಟು ಮುದುಕರು ಬಾಗಿಲು ತೆರೆಯುವ ಹೊತ್ತಿಗೇ ಬಂದು, ರೇಡಿಯೇಟರಿನ ಪಕ್ಕದ ಕುರ್ಚಿ ಹಿಡಿದು, ಒಂದೇ ಪತ್ರಿಕೆಯನ್ನು ಮಧ್ಯಾಹ್ನದವರೆಗೆ ಓದುತ್ತಿದ್ದರು. ‘ಎಂಥ ಓದುವ ಹುಚ್ಚು ಈ ಜನಕ್ಕೆ! ನಮ್ಮಲ್ಲಿ ಗ್ರಂಥಾಲಯಗಳು ಭಣಗುಡುತ್ತವೆ’ ಎಂದು ರಾತ್ರಿ ಹೊಗಳಿದೆ. ಗೆಳೆಯ ಸುಮ್ಮನಿದ್ದ. ಅವನ ಹೆಂಡತಿ ಹೇಳಿದರು. 2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ಯುದ್ಧಕ್ಕೆ ಹೋದ ಮೇಲೆ ಗ್ಯಾಸಿನ ಬೆಲೆ ಗಗನಕ್ಕೇರಿತು. ಆ ಚಳಿಗಾಲ ಊರೂರುಗಳಲ್ಲಿ ಗ್ರಂಥಾಲಯ, ಚರ್ಚು, ಸಮುದಾಯ ಭವನಗಳು ‘ಬೆಚ್ಚಗಿನ ಜಾಗ’ ಎಂದು ಫಲಕ ಹಾಕಿ ಬಾಗಿಲು ತೆರೆದವು. ಮನೆಯ ಬಾಯ್ಲರ್ ಆರಿಸಿ ಬಂದು ಕೂರುವವರು ಈಗಲೂ ಇದ್ದಾರೆ. ಬೇಸಿಗೆಯಲ್ಲಿ ರಾಯಚೂರಿನ ಕಡೆ ದುಡ್ಡು ತೆಗೆಯುವ ನೆಪದಲ್ಲಿ ಎಟಿಎಂ ಒಳಗೆ ನಿಲ್ಲುವವರನ್ನು ಕಂಡಿದ್ದೆ. ಮರುದಿನ ಗ್ರಂಥಾಲಯದಲ್ಲಿ ರೇಡಿಯೇಟರಿನ ಪಕ್ಕದ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ.

ಬೆಚ್ಚನೆಯ ಮನೆಯನ್ನೂ ಖರ್ಚಿಗೆ ಒದಗುವ ಹೊನ್ನನ್ನೂ ಸರ್ವಜ್ಞ ಒಂದರ ಪಕ್ಕ ಒಂದಿಟ್ಟು ಹೇಳಿದ್ದಾನೆ. ಶಾಲೆಯಲ್ಲಿ ಬಾಯಿಪಾಠ ಮಾಡುವಾಗ, ಪ್ರಾಸ ಕೂಡಲಿ ಎಂದು ಹಾಗೆ ಜೋಡಿಸಿರಬೇಕು ಅಂದುಕೊಂಡಿದ್ದೆ. ಆ ದೇಶದಲ್ಲಿ ಗ್ಯಾಸಿನ ದರಕ್ಕೆ ಮೂರು ತಿಂಗಳಿಗೊಮ್ಮೆ ಹೊಸ ಮಿತಿ ಗೊತ್ತುಮಾಡುತ್ತಾರೆ. ಅದು ರಾತ್ರಿಯ ಟಿವಿ ವಾರ್ತೆಯಲ್ಲಿ ಬರುತ್ತದೆ, ನಮ್ಮಲ್ಲಿ ಅಡಿಕೆ ಧಾರಣೆ ಬಂದ ಹಾಗೆ. ಮನೆಮಂದಿ ಚಮಚ ಕೆಳಗಿಟ್ಟು ಕೇಳುತ್ತಾರೆ. ಸರ್ವಜ್ಞನಿಗೆ ಪ್ರಾಸಕ್ಕಿಂತ ಮೊದಲು ಲೆಕ್ಕ ಗೊತ್ತಿತ್ತು.

ಹೊರಡುವ ಹಿಂದಿನ ದಿನ ದೋಸೆ ಆಗಬೇಕೆಂದು ಹುಡುಗಿಯ ಹಟ. ಆ ಚಳಿಯಲ್ಲಿ ಹಿಟ್ಟು ಮೂರು ದಿನ ಇಟ್ಟರೂ ಹುಳಿ ಬರುವುದಿಲ್ಲ. ಹೆಂಗಸರಿಬ್ಬರೂ ಸೇರಿ ಪಾತ್ರೆಯನ್ನು ಅವನ್ನಿನೊಳಗಿಟ್ಟು, ಅವನ್ ಹೊತ್ತಿಸದೆ ಅದರ ದೀಪ ಮಾತ್ರ ಉರಿಸಿ, ಬಾಗಿಲು ಮುಚ್ಚಿದರು. ಆ ಬಲ್ಬಿನ ಕಾವೇ ಸಾಕಂತೆ. ರಾತ್ರಿ ಎರಡು ಗಂಟೆಗೆ ನೀರು ಕುಡಿಯಲೆಂದು ಕೆಳಗಿಳಿದೆ. ಕತ್ತಲಲ್ಲಿ ಅವನ್ನಿನ ಗಾಜಿನ ಹಿಂದೆ ಹಿಟ್ಟಿನ ಪಾತ್ರೆ ಗರ್ಭಗುಡಿಯ ಮೂರ್ತಿಯ ಹಾಗೆ ಬೆಳಗುತ್ತಿತ್ತು. ಕಟ್ಟೆಯ ಮೇಲೆ ಪೆಟ್ಟಿಗೆ, ಹಸಿರು ದೀಪ.

ನಾಳೆ ಹೊರಡುವವನಿಗೆ ಧೈರ್ಯ ಜಾಸ್ತಿ. ಇದುವರೆಗೆ ಮುಟ್ಟದಿದ್ದ ಅದರ ಗುಂಡಿಯನ್ನು ಒತ್ತಿದೆ. ಇವತ್ತಿನ ಲೆಕ್ಕ ಹೋಗಿ ವಾರಗಳ ಲೆಕ್ಕ ಬಂತು, ಸಾಲಾಗಿ ನಿಂತ ಪುಟ್ಟ ಕಂಬಗಳು. ಮೊದಲಿನ ನಾಲ್ಕೈದು ಗಿಡ್ಡ, ಬೇಲಿಗೂಟದಷ್ಟು. ಕೊನೆಯ ಮೂರು ಅಡಿಕೆಮರದ ಹಾಗೆ ಎದ್ದು ನಿಂತಿದ್ದವು. ನಾವು ಬಂದು ಮೂರು ವಾರ ಆಗಿತ್ತು. ಚಳಿ ಆಮೇಲೆ ಹೆಚ್ಚಿತೆಂದು ಹೇಳಿಕೊಳ್ಳೋಣವೆಂದರೆ, ಪಕ್ಕದ ಕುರ್ಚಿಯ ಬೆನ್ನಿಗೆ ಗೆಳೆಯನ ಹೆಂಡತಿಯ ದಪ್ಪ ಉಣ್ಣೆಯ ಕೋಟು ನೇತಾಡುತ್ತಿತ್ತು. ಹೊರಗೆ ಹೋಗುವಾಗ ಹಾಕುವ ಕೋಟಲ್ಲ ಅದು, ಮೊಣಕೈ ಸವೆದ, ಮನೆಯೊಳಗೆ ಹಾಕುವ ಕೋಟು. ನಾವಿದ್ದಷ್ಟು ದಿನ ಆಕೆ ಅದನ್ನು ಒಮ್ಮೆಯೂ ತೊಟ್ಟಿರಲಿಲ್ಲ. ಅರ್ಧ ತೋಳಿನ ಅಂಗಿಯಲ್ಲಿ ಕುಣಿಯುತ್ತಿದ್ದ ಹುಡುಗಿ ನೆನಪಾದಳು. ಇನ್ನೂ ಒಂದು ತಿಂಗಳು ಇರಿ ಅಂದದ್ದು ನನ್ನ ಕಥೆಗಳಿಗಲ್ಲ!

ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಮೊದಲಿನ ಅಂಕಿ ಬರುವಂತೆ ಮಾಡಿ ಮೇಲೆ ಹೋದೆ. ಹೆಂಡತಿ ಎಚ್ಚರವಿದ್ದಳು. ಹೇಳಿದೆ. ‘ಎಲೆಯ ಮೇಲೆ ಬಡಿಸಿದ್ದನ್ನ ಎಷ್ಟು ಸೌಟು ಅಂತ ಯಾರಾದ್ರೂ ಎಣಿಸ್ತಾರಾ? ಮಲಗಿ’ ಎಂದಳು.

ಬೆಳಿಗ್ಗೆ ಸ್ಟೇಷನ್ನಿಗೆ ಹೊರಡುವ ಮುನ್ನ ಮುಂಗಾಜು ಕೆರೆಯಲು ಇಬ್ಬರೂ ನಿಂತೆವು. ಉಸಿರು ಹೊಗೆಯಾಗಿ ಏಳುತ್ತಿತ್ತು. ಗೆಳೆಯ ದಿನಾ ಕೇಳುವಂತೆ ಕೇಳಿದ: ‘ರಾತ್ರಿ ಚಳಿ ಆಯ್ತಾ?’

‘ಚಳಿಯಾ?’ ಎಂದೆ. ‘ಸೆಕೆ ಮಾರಾಯ. ರಗ್ಗು ಒದ್ದು ಮಲಗಿದೆ.’

ಊಟದೆಲೆಯ ಮುಂದೆ ನೆಂಟ ತೇಗಿದ್ದನ್ನು ಕೇಳಿದ ಯಜಮಾನನ ಹಾಗೆ ಅವನ ಮುಖ ಅರಳಿತು. ಏನೂ ಹೇಳದೆ ಬಗ್ಗಿ ನನ್ನ ಬದಿಯ ಗಾಜನ್ನೂ ಅವನೇ ಕೆರೆಯತೊಡಗಿದ.