ಅವ್ವನ ಬಿಪಿ ಏರಿದಾಗ

ಡಾಕ್ಟರು ರೋಗಿಯಿಂದ ದೂರ ಸರಿಯತೊಡಗಿದ್ದು ಇವತ್ತು ನಿನ್ನೆಯ ಮಾತಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯ ಹರೆಯದ ಹೆಣ್ಣುಮಗಳ ಎದೆಗೆ ಕಿವಿ ಹಚ್ಚಲು ನಾಚಿ, ಕಾಗದದ ಸುರುಳಿ ಸುತ್ತಿ ಅದರೊಳಗಿಂದ ಕೇಳಿದ. ಸ್ಟೆತಾಸ್ಕೋಪು ಹುಟ್ಟಿತು, ಡಾಕ್ಟರು ಒಂದು ಗೇಣು ಹಿಂದೆ ಸರಿದರು. 1905ರಲ್ಲಿ ಹಾಲೆಂಡಿನ ಐಂಥೋವನ್ ಆಸ್ಪತ್ರೆಯಲ್ಲಿದ್ದವರ ಎದೆಬಡಿತವನ್ನು ಟೆಲಿಫೋನ್ ತಂತಿಯ ಮೇಲೆ ಒಂದೂವರೆ ಕಿಲೋಮೀಟರ್ ಆಚೆಯ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡ. 2002ರ ಹೊತ್ತಿಗೆ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ರೋಗಿಗಳನ್ನು ಬೆಂಗಳೂರಿನ ಹೃದಯತಜ್ಞರು ಕೂತಲ್ಲಿಂದಲೇ ನೋಡತೊಡಗಿದರು. ಹೀಗೆ ಸರಿಯುತ್ತ ಸರಿಯುತ್ತ ಡಾಕ್ಟರು ಈಗ ದಂಡೋತಿಯ ನಮ್ಮ ಪಡಸಾಲೆಗೇ ಬಂದು ಮುಟ್ಟಿದ್ದಾರೆ, ಅಂಗೈಯಗಲದ ಪರದೆಯಲ್ಲಿ.

ಬಂದದ್ದು ಒಳ್ಳೆಯದೇ ಆಯಿತು. ಮಳೆಗಾಲದಲ್ಲಿ ಕಾಗಿಣಾ ಹೊಳೆ ತುಂಬಿದರೆ ದಂಡೋತಿಯ ಸೇತುವೆ ಮುಳುಗಿ ಚಿತ್ತಾಪುರದ ಹಾದಿ ಬಂದ್ ಆಗುತ್ತದೆ. ಬಿಪಿ ಗುಳಿಗಿ ಮುಗಿದದ್ದು ನೆನಪಾಗುವುದೂ ಅಂಥ ಹೊತ್ತಿಗೇ. ಬೇಸಿಗೆಯಲ್ಲಿ ನೀರಿನ ಕಾಟವಿಲ್ಲ, ನಿಜ. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ 80 ದಾಟಿದ ಮುದುಕಿಯನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಕಲಬುರಗಿಯ ದವಾಖಾನೆಗೆ ಒಯ್ದರೆ, ತೋರಿಸಬೇಕಾದ ಬ್ಯಾನಿಗಳಿಗೆ ಹಾದಿಯಲ್ಲೇ ಒಂದೆರಡು ಕೂಡಿಕೊಂಡಿರುತ್ತವೆ.

2020ರ ಮಾರ್ಚ್ 25ಕ್ಕೆ, ದೇಶಕ್ಕೆ ಬೀಗ ಬಿದ್ದ ದಿನವೇ, ಟೆಲಿಮೆಡಿಸಿನ್ ನಿಯಮಗಳು ಹೊರಬಿದ್ದವು. ಮುಂದಿನ ತಿಂಗಳು, ಪರದೆಯಲ್ಲೇ ಡಾಕ್ಟರನ್ನು ಕಾಣಿಸುವ ಸರಕಾರದ ಇ-ಸಂಜೀವಿನಿ ಮನೆಯಲ್ಲೇ ಕೂತವರಿಗೂ ತೆರೆಯಿತು. ಹನುಮಪ್ಪ ಗುಡ್ಡವನ್ನೇ ಕಿತ್ತು ತಂದಿದ್ದ. ಇಲ್ಲಿ ಟವರ್ ಸಿಕ್ಕರೆ ಸಾಕು.

ಅವ್ವನ ತಕರಾರು ಟವರಿನದಲ್ಲ. "ಫೋನಿನಾಗ ಸೂಜಿ ಹ್ಯಾಂಗ ಮಾಡ್ತಾನಪಾ ಅವ?" ಸೂಜಿ ಮಾಡದ ಡಾಕ್ಟರನ್ನು ಡಾಕ್ಟರೆಂದು ಒಪ್ಪುವುದು ನಮ್ಮ ಕಡೆ ಕಷ್ಟ. ನಾಲಿಗೆ ತೋರಿಸಿ ಎಂದರೆ ಕ್ಯಾಮೆರಾ ತಿರುಗಿ, ಎಂಡಿ ಓದಿದ ಆ ಮಹಾಶಯರು ನಮ್ಮ ಜೋಳದ ಚೀಲಗಳನ್ನು ತಪಾಸಣೆ ಮಾಡಿದರು. "ನಿದ್ದೆ ಚೆನ್ನಾಗಿ ಬರುತ್ತಾ ಅಮ್ಮಾ?" ಎಂದು ಕೇಳಿದರೆ ಅವ್ವ, "ಈ ಸಲ ತೊಗರಿಗಿ ನೆಟಿ ಬಿದ್ದದರಿ" ಅಂದಳು. ಡಾಕ್ಟರು ಗಲಿಬಿಲಿಗೊಂಡರು. ತೊಗರಿಗೆ ನೆಟೆ ರೋಗ ಬಿದ್ದ ವರ್ಷ ಇಡೀ ಚಿತ್ತಾಪುರ ತಾಲ್ಲೂಕಿಗೇ ನಿದ್ದೆ ಇರುವುದಿಲ್ಲ ಎಂಬುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಕೊನೆಗೆ ಉಪ್ಪು ಕಮ್ಮಿ ಮಾಡಿ ಅಂದರು. ಅವ್ವ ಫೋನಿಗೆ ಕೇಳುವಷ್ಟು ಜೋರಾಗಿಯೇ ನನಗೆ ಹೇಳಿದಳು: "ಉಪ್ಪಿಲ್ಲದ ಪುಂಡಿಪಲ್ಯಾ ತಿಂದೋರು ಯಾರರೆ ಇದ್ರ ಕರ್ಕೊಂಡು ಬಾ ಅನ್ನು."

ಬೆಂಗಳೂರಿನಲ್ಲಿರುವ ನಾನು, ಪುಣೆಯ ತಮ್ಮ, ಹೈದರಾಬಾದಿನ ತಂಗಿ ಕೂಡಿ ಒಂದು ಬಿಪಿ ಮಷಿನ್ ಕೊಡಿಸಿದೆವು. ಬಾಜೂ ಮನೆಯ ಹುಡುಗಿ ದಿನಾ ಮುಂಜಾನೆ ಪಟ್ಟಿ ಸುತ್ತಿ, ಬಂದ ಅಂಕಿಯ ಫೋಟೊ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾಳೆ. 130/80 ಬಂದ ದಿನ, ಓದಿ ನೌಕರಿ ಹಿಡಿದ ಮಕ್ಕಳು ಮೂವರೂ ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಹೋಗುತ್ತೇವೆ. 160/100 ಬಂದರೆ ಫೋನಿನ ಮೇಲೆ ಫೋನು. ಏನು ಉಂಡಿ, ಯಾಕ ಮಲಗಿಲ್ಲ, ಬರಲೇನು? ಶಾಲೆಯ ಮುಖ ನೋಡದ ಅವ್ವನಿಗೆ ಈ ಲೆಕ್ಕ ತಿಳಿಯಲು ಬಹಳ ದಿನ ಹಿಡಿಯಲಿಲ್ಲ.

ಭಾನುವಾರಗಳಲ್ಲಿ ಬಿಪಿ ಏರತೊಡಗಿತು. ನಾಗರಪಂಚಮಿ, ದೀಪಾವಳಿ ಹತ್ತಿರ ಬಂದರಂತೂ ಗುಳಿಗಿಗೂ ಬಗ್ಗಲಿಲ್ಲ. ಒಂದು ದಿನ ಆ ಹುಡುಗಿಯೇ ಗುಟ್ಟು ಬಿಟ್ಟುಕೊಟ್ಟಳು: "ಆಯಿ ಮಷಿನ್ ಹಚ್ಚೋ ಮೊದ್ಲ ಮಾಳಿಗಿ ಹತ್ತಿ ಇಳಿದು ಬರ್ತಾಳ್ರಿ ಕಾಕಾ." ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂಡಬೇಕೆಂದು ಹೇಳಿಕೊಟ್ಟವರು ನಾವೇ. ಮೊಣಕಾಲು ಎತ್ತಲಿಕ್ಕಾಗದು ಎಂದು ಡಾಕ್ಟರ ಮುಂದೆ ನರಳುವವಳೂ ಈಕೆಯೇ!

2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ನನಗೆ ಪರದೆಯ ಡಾಕ್ಟರಿಗಿಂತ ಇದರ ಮೇಲೆ ಭರವಸೆ ಹೆಚ್ಚು. ಸಿಸ್ಟರ್ ಬಂದರೆ ಅವ್ವ ಚಹಾ ಕುಡಿಸದೆ ಬಿಡಳು. ಅವರ ಗಂಡನ ಊರು, ಮಕ್ಕಳ ಓದು, ಅತ್ತೆಯ ಸ್ವಭಾವ ಎಲ್ಲ ವಿಚಾರಣೆಯಾದ ಮೇಲೆಯೇ ತೋಳು ಚಾಚುವುದು. ಆಗ ಅಂಕಿ ತೆಪ್ಪಗೆ ಇಳಿದಿರುತ್ತದೆ. ಬಿಳಿ ಕೋಟು ಕಂಡರೆ ಕೆಲವರಿಗೆ ಬಿಪಿ ಏರುತ್ತದೆಂದು ವೈದ್ಯರು ಹೇಳುತ್ತಾರೆ. ನಮ್ಮ ಅವ್ವನದು ತಿರುಗಾಮುರುಗಾ: ಯಾರೂ ಬರದಿದ್ದರೆ ಏರುತ್ತದೆ.

ಮೊನ್ನೆ ನಾನು ಊರಲ್ಲಿದ್ದಾಗಲೇ ಮತ್ತೆ ಡಾಕ್ಟರು ಪರದೆಯ ಮೇಲೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಕೇಳಿದಳು: "ನಿಮ್ಮವ್ವ ಎಲ್ಲಿರ್ತಾಳ್ರಿ ಸಾಹೇಬ್ರ?"

"ಶಿವಮೊಗ್ಗದಲ್ಲಿ ಅಮ್ಮಾ, ಊರಲ್ಲೇ."

"ಆಕಿ ಬಿಪಿ ಎಷ್ಟದರಿ?"

ಡಾಕ್ಟರು ಕನ್ನಡಕ ತೆಗೆದರು. "ಅದು... ಕೇಳಬೇಕು."

"ಮೊದ್ಲ ಅದನ್ನ ಕೇಳ್ರಿ," ಎಂದಳು ಅವ್ವ, ಫೋನನ್ನು ನನ್ನ ಕೈಗಿಡುತ್ತ, "ನನ್ನ ಉಪ್ಪಿನ ಮಾತು ಆಮ್ಯಾಲ."