ಬ್ಯೂನಸ್ ಐರಿಸ್‌ನ ಬೇಕರಿಯಲ್ಲಿ ಪೊಲೀಸು, ಪಾದ್ರಿ, ಬಾಂಬು

ಲಾ ಬೋಕಾದ ಕಾಮಿನಿತೊ ಬೀದಿಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಬೇಕು. ಹೊತ್ತೇರುತ್ತಿದ್ದಂತೆ ಪ್ರವಾಸಿ ಬಸ್ಸುಗಳು ಸಾಲುಗಟ್ಟುತ್ತವೆ, ಟ್ಯಾಂಗೊ ವೇಷದ ಜೋಡಿಗಳು ಜೊತೆಗೆ ನಿಂತು ಫೋಟೊ ತೆಗೆಸಿಕೊಳ್ಳಲು ದುಡ್ಡು ಕೇಳುತ್ತವೆ, ಒಂದು ಕಾಫಿಗೆ ಊರೊಳಗಿನ ಬೆಲೆಯ ದುಪ್ಪಟ್ಟು ತೆರಬೇಕು. ನೀಲಿ, ಹಳದಿ, ಕೆಂಪು ಬಳಿದ ತಗಡಿನ ಮನೆಗಳ ಮುಂದೆ ನೂಕುನುಗ್ಗಲು. ಆ ಮನೆಗಳಲ್ಲಿ ಯಾರು ಬಾಳಿದರು ಎಂದು ಕೇಳುವವರು ಮಾತ್ರ ಬಲು ಕಡಿಮೆ.

ಬಾಳಿದವರು ಇಟಲಿಯ ಜಿನೋವಾದಿಂದ ಹಡಗು ಹತ್ತಿ ಬಂದ ಬಡವರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಹಡಗಿಗೆ ಬಳಿದು ಮಿಕ್ಕ ಬಣ್ಣವನ್ನೇ ತಂದು ಗೋಡೆಗೆ ಹಚ್ಚಿದರೆಂದು ಹೇಳುತ್ತಾರೆ. ಈ ಕೇರಿಯಲ್ಲಿ 1905ರಲ್ಲಿ ಹುಟ್ಟಿದ ಬೋಕಾ ಜೂನಿಯರ್ಸ್ ಫುಟ್‌ಬಾಲ್ ತಂಡಕ್ಕೆ ಇಂದಿಗೂ 'ಸೆನೇಯ್ಸೆ' ಎಂಬ ಅಡ್ಡಹೆಸರಿದೆ. ಹಾಗೆಂದರೆ ಜಿನೋವಾದವರು.

1914ರ ಜನಗಣತಿ ನಡೆದಾಗ ಬ್ಯೂನಸ್ ಐರಿಸ್‌ನ ಹೆಚ್ಚುಕಡಿಮೆ ಅರ್ಧ ಜನ ಹೊರದೇಶಗಳಲ್ಲಿ ಹುಟ್ಟಿದವರು. ಅವರೆಲ್ಲ ಒಂದೇ ಅಂಗಳದಲ್ಲಿ ನೀರು ಹಿಡಿಯುತ್ತ, ಜಗಳವಾಡುತ್ತ, ಸಾಲ ಕೇಳುತ್ತ ಕಟ್ಟಿದ ಬೀದಿ ಮಾತಿಗೆ ಲುನ್‌ಫಾರ್ಡೊ ಎಂದು ಹೆಸರು. ಪೊಲೀಸ್ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಬೆನಿಗ್ನೊ ಲುಗೋನೆಸ್ 1879ರಲ್ಲಿ ಪತ್ರಿಕೆಗೆ ಬರೆದಾಗ ಇದನ್ನು ಕಳ್ಳರ ಭಾಷೆಯೆಂದೇ ಪರಿಚಯಿಸಿದ. ಆ ಕಳಂಕ ಬಹಳ ಕಾಲ ಅಂಟಿಕೊಂಡಿತು. ಕೆಲಸಕ್ಕೆ ಇಲ್ಲಿನ ಜನ ಶಾಲೆಯ ಸ್ಪ್ಯಾನಿಷ್ ಪದ ಬಿಟ್ಟು ಇಟಾಲಿಯನ್ ಮೂಲದ 'ಲಬೂರೊ' ಎನ್ನುತ್ತಾರೆ. ಬಸ್ಸು 'ಬೊಂದಿ', ಅದು ಬ್ರೆಜಿಲ್‌ನ ಟ್ರಾಮಿನ ಹೆಸರಿನಿಂದ ಬಂದದ್ದು.

ದುಡ್ಡಿನ ಲೆಕ್ಕ ಇನ್ನೂ ಸೊಗಸು. ನೂರು ಪೆಸೊ ಎಂದರೆ 'ಗಾಂಬಾ', ಸಾವಿರ 'ಲೂಕಾ', ಹತ್ತು ಲಕ್ಷ 'ಪಾಲೊ'. ಮೊಬೈಲಿನ ಅನುವಾದವನ್ನು ನಂಬಿದರೆ ಗಾಂಬಾ ಸಿಗಡಿಯಾಗುತ್ತದೆ, ಲೂಕಾ ಒಬ್ಬ ಮನುಷ್ಯನಾಗುತ್ತಾನೆ, ಪಾಲೊ ಬರೀ ಕೋಲು. ಹತ್ತು ಲಕ್ಷ ಡಾಲರಿಗೆ ಇಲ್ಲಿ 'ಹಸಿರು ಪಾಲೊ' ಎನ್ನುತ್ತಾರೆ, ಅಷ್ಟು ಇರುವವನ ಕೈಯಲ್ಲಿ ಹಸಿರು ಕೋಲು! ಹಣದುಬ್ಬರದ ಹೊಡೆತಕ್ಕೆ ಗಾಂಬಾಕ್ಕೆ ಈಗ ಏನೂ ಸಿಗುವುದಿಲ್ಲ. ತರಕಾರಿ ಅಂಗಡಿಯವರು ನೇರವಾಗಿ ಲೂಕಾದಲ್ಲೇ ಬೆಲೆ ಹೇಳುತ್ತಾರೆ.

ಚೌಕ, ಚರ್ಚು, ವಸ್ತುಸಂಗ್ರಹಾಲಯಗಳನ್ನು ನೋಡುತ್ತ ಕೆಲವು ದಿನ ಕಳೆದವು. ಮನಸ್ಸಿನಲ್ಲಿ ಉಳಿದದ್ದು ಅವುಗಳಲ್ಲ, ಬೋಯೆದೊ ಬಡಾವಣೆಯ ಮೂಲೆಯಲ್ಲಿದ್ದ ಒಂದು ಬೇಕರಿ. ಗಾಜಿನ ಪೆಟ್ಟಿಗೆಯಲ್ಲಿ ಸಿಹಿ ತಿನಿಸುಗಳು, ಮುಂದೆ ಕೈಬರಹದ ಚೀಟಿಗಳು. ನನ್ನ ಪಕ್ಕದಲ್ಲಿದ್ದ ಪ್ರವಾಸಿ ಜೋಡಿ ಒಂದೊಂದೇ ಚೀಟಿಗೆ ಮೊಬೈಲು ಹಿಡಿದು ಓದಿಕೊಂಡು ನಗುತ್ತಿತ್ತು. ಈ ಸಿಹಿಗಳಿಗೆಲ್ಲ ಒಟ್ಟು ಹೆಸರು 'ಫಾಕ್ತೂರಾಸ್'. ಮೊಬೈಲು ಅದನ್ನು ಬಿಲ್ಲುಗಳು ಎಂದು ಹೇಳಿತು. ಉಳಿದವು ಸನ್ಯಾಸಿನಿಯ ನಿಟ್ಟುಸಿರು, ಪಾದ್ರಿಯ ಉಂಡೆ, ಕಾವಲುಗಾರ. ಆ ಇಬ್ಬರು ನಕ್ಕು ಫೋಟೊ ತೆಗೆದುಕೊಂಡು ಏನೂ ಕೊಳ್ಳದೆ ಹೊರಟುಹೋದರು. ನನಗೆ ನಿಜವಾಗಿ ಸಿಟ್ಟು ಬಂತು. ಎದುರಿಗೆ ನಿಂತ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಇಡೀ ಚರಿತ್ರೆಯೇ ಸಿಗುತ್ತಿತ್ತು.

ಆಕೆಗೆ ಎಪ್ಪತ್ತರ ಆಸುಪಾಸು. ಮೊಣಕೈವರೆಗೂ ಹಿಟ್ಟು. ಹೆಸರುಗಳ ಬಗ್ಗೆ ಕೇಳಿದ್ದೇ ತಡ, ಇಕ್ಕಳದಿಂದ ಒಂದೊಂದೇ ಎತ್ತಿ ತಟ್ಟೆಗಿಟ್ಟು ಹೇಳತೊಡಗಿದರು. "ಇದು ವಿಹಿಲಾಂತೆ, ಪೊಲೀಸಪ್ಪ. ಉದ್ದಕ್ಕೆ ಹೇಗಿದೆ ನೋಡು, ಅವನ ಲಾಠಿ ಇದೇ. ಇದು ಬೋಲಾ ದೆ ಫ್ರಾಯ್ಲೆ." ಕರಿದು, ಸಕ್ಕರೆಯಲ್ಲಿ ಹೊರಳಿಸಿ, ಒಳಗೆ ಕಾಯಿಸಿ ಕೆಂಪಗಾಗಿಸಿದ ಹಾಲಿನ ಸಿಹಿ ತುಂಬಿದ ಗುಂಡನೆಯ ತಿನಿಸು ಅದು, ಹೆಸರಿನಲ್ಲಿ ಪಾದ್ರಿಗೆ ಒಂದು ಪೋಲಿ ಚುಚ್ಚು. ಪದರ ಪದರದ ಸಣ್ಣ ಕೊಳವೆ 'ಕನ್ಯೊನ್ಸೀತೊ', ಪುಟ್ಟ ಫಿರಂಗಿ. ಕೆನೆ ತುಂಬಿದ್ದು 'ಬೊಂಬಾ', ಬಾಂಬು. ಇನ್ನೊಂದರ ಹೆಸರು 'ಸಕ್ರಮೆಂತೊ', ಚರ್ಚಿನ ಸಂಸ್ಕಾರ.

1887ರಲ್ಲಿ ಈ ಊರಿನ ಬೇಕರಿ ಕೂಲಿಗಳು ಸಂಘ ಕಟ್ಟಿದರು. ಇಟಲಿಯಿಂದ ತಲೆತಪ್ಪಿಸಿಕೊಂಡು ಬಂದಿದ್ದ ಅರಾಜಕತಾವಾದಿ ಎರ್ರಿಕೊ ಮಾಲಾತೆಸ್ತಾ, ಆತನ ಸಂಗಾತಿ ಎತ್ತೊರೆ ಮತ್ತೇಯಿ ಅದಕ್ಕೆ ಬೆನ್ನೆಲುಬಾದರು. ಮರುವರ್ಷದ ಆರಂಭದಲ್ಲಿ ದೊಡ್ಡ ಮುಷ್ಕರವಾಯಿತು. ಸರ್ಕಾರ, ಸೇನೆ, ಪೊಲೀಸ್, ಚರ್ಚು ಈ ನಾಲ್ವರನ್ನೂ ಅಣಕಿಸಿ ಕೂಲಿಗಳು ಸಿಹಿಗಳಿಗೆ ಈ ಹೆಸರಿಟ್ಟರೆಂಬುದು ಬೇಕರಿಯವರೆಲ್ಲರ ಬಾಯಲ್ಲಿರುವ ಕಥೆ. 'ಬಿಲ್ಲು' ಎಂಬ ಹೆಸರಿನಲ್ಲೂ ಒಂದು ತಗಾದೆ ಇದೆಯಂತೆ: ನಮ್ಮ ದುಡಿಮೆಗೆ ಬೆಲೆ ಕಟ್ಟಿ. ಆ ಸಂಘದ ನೆನಪಿಗೆ ಆಗಸ್ಟ್ 4 ಇಲ್ಲಿ ಬೇಕರಿ ಕೆಲಸಗಾರರ ದಿನ. "ನಮ್ಮಜ್ಜ ಈ ಹೆಸರುಗಳನ್ನು ಹೇಳುವಾಗ ದನಿ ಏರಿಸುತ್ತಿದ್ದ. ಗಿರಾಕಿಗಳಲ್ಲಿ ಪೊಲೀಸರಿದ್ದರೆ ಇನ್ನೂ ಜೋರಾಗಿ," ಎಂದರು ಆಕೆ. ಪೊಲೀಸಪ್ಪನ ಲಾಠಿಯನ್ನು ಕಾಫಿಯಲ್ಲಿ ಅದ್ದಿ ತಿಂದೆ. ಅಂಚಿನಲ್ಲಿ ಗರಿಗರಿ, ಮೇಲೆ ಹುಳಿಸಿಹಿ ಹಣ್ಣಿನ ಪಾಕ.

ಇಂಥ ಮಾತಿಗೆ ಹೆದರಿದವರೂ ಇದ್ದರು. 1943ರ ಸೇನಾ ಕ್ರಾಂತಿಯ ಬಳಿಕ ರೇಡಿಯೊದಲ್ಲಿ ಲುನ್‌ಫಾರ್ಡೊಗೆ ಕಡಿವಾಣ ಬಿತ್ತು. ಟ್ಯಾಂಗೊ ಹಾಡುಗಳ ಸಾಲುಗಳನ್ನು ತಿದ್ದಿ, ಹೆಸರು ಬದಲಿಸಿ, 'ಶುದ್ಧ' ಸ್ಪ್ಯಾನಿಷ್‌ನಲ್ಲಿ ಹಾಡಿಸಿದರು. 1949ರಲ್ಲಿ ಗೀತಕಾರರು ಅಧ್ಯಕ್ಷ ಪೆರೋನ್ ಅವರನ್ನು ಕಂಡು ಮಾತಾಡಿದ ಮೇಲೆ ಬಿಗಿ ಸಡಿಲವಾಯಿತು. 1962ರಲ್ಲಿ ಹೊಸೆ ಗೊಬೆಲ್ಲೊ ಮತ್ತು ಗೆಳೆಯರು ಕಳ್ಳರ ಭಾಷೆ ಎನಿಸಿಕೊಂಡಿದ್ದಕ್ಕೇ ಒಂದು ಅಕಾಡೆಮಿ ತೆರೆದರು.

ಭಾನುವಾರ ಸಾನ್ ತೆಲ್ಮೊ ಸಂತೆ. ದೆಫೆನ್ಸಾ ಬೀದಿಯುದ್ದಕ್ಕೂ ಹಳೆಯ ಬೆಳ್ಳಿ ಸಾಮಾನು, ಸೋಡಾ ಬಾಟಲಿ, ಚರ್ಮದ ಚೀಲ, ಕಾಲಿಡಲು ಜಾಗವಿಲ್ಲ. ಸಂಜೆಯ ಹೊತ್ತಿಗೆ ಆಫ್ರಿಕನ್ ಮೂಲದ ಕ್ಯಾಂಡೊಂಬೆ ನುಡಿಸುವ ಡೋಲಿನವರು ಬಂದರು. ಬೀದಿ ಕಟ್ಟಿಹೋಯಿತು. ಅಡ್ಡ ರಸ್ತೆಯಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಕೇ ಕಿಲೊಂಬೊ!" ಎಂದು ಕೂಗಿದ.

ಎಂಥ ಗೊಂದಲ ಎಂದಷ್ಟೇ ಆತನ ಮಾತು. ನಿಘಂಟು ಹಿಡಿದು ಅನುವಾದಿಸಿದರೆ ಎಂಥ ಸೂಳೆಗೇರಿ ಎಂದಾದೀತು. ಎರಡರ ಹಿಂದೆಯೂ ಇನ್ನೊಂದು ಅರ್ಥವಿದೆ. ಅಂಗೋಲಾದ ಕಿಂಬುಂಡು ಭಾಷೆಯಲ್ಲಿ ಕಿಲೊಂಬೊ ಎಂದರೆ ಪಾಳೆಯ. ಬ್ರೆಜಿಲ್‌ನಲ್ಲಿ ತೋಟಗಳಿಂದ ಓಡಿಹೋದ ಗುಲಾಮರು ಕಾಡಿನೊಳಗೆ ಕಟ್ಟಿಕೊಂಡ ಊರುಗಳಿಗೆ ಅದೇ ಹೆಸರು. 17ನೇ ಶತಮಾನದ ಪಲ್ಮಾರೆಸ್ ಅವುಗಳಲ್ಲಿ ದೊಡ್ಡದು. ಸ್ವತಂತ್ರರ ನೆಲೆಗೆ ಇದ್ದ ಹೆಸರು ಲಾ ಪ್ಲಾಟಾ ನದಿಯ ದಡಕ್ಕೆ ಬರುವಷ್ಟರಲ್ಲಿ ಬೈಗುಳವಾಯಿತು. ಆ ಬೈಗುಳ ಯಾರ ಬಾಯಲ್ಲಿ, ಯಾರನ್ನು ಕುರಿತು ಹುಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ.

1778ರ ಎಣಿಕೆಯಲ್ಲಿ ಈ ಊರಿನ ಹತ್ತು ಜನರಲ್ಲಿ ಸುಮಾರು ಮೂವರು ಆಫ್ರಿಕನ್ ಮೂಲದವರು. ಸಾನ್ ತೆಲ್ಮೊ ಅವರ ವಾಸದ ಕೇರಿಗಳಲ್ಲಿ ಒಂದು. ಯುದ್ಧ, 1871ರ ಹಳದಿ ಜ್ವರ, ಬೆರಕೆ, ಎಲ್ಲಕ್ಕಿಂತ ಮಿಗಿಲಾಗಿ ಲೆಕ್ಕದ ಪುಸ್ತಕದವರ ಅಲಕ್ಷ್ಯ ಸೇರಿ ಅವರು ಕಾಗದದ ಮೇಲಿಂದ ಮಾಯವಾದರು. ಆಫ್ರಿಕನ್ ಮೂಲದವರೇ ಎಂದು ರಾಷ್ಟ್ರೀಯ ಜನಗಣತಿ ಮತ್ತೆ ಕೇಳಿದ್ದು 2010ರಲ್ಲಿ.

ಮೆರವಣಿಗೆ ನಿಂತಾಗ ಡೋಲಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದ ಹುಡುಗಿಯನ್ನು ಆ ಪದಕ್ಕೆ ಏನೆಂದು ಅರ್ಥ ಬರೆದುಕೊಳ್ಳಲಿ ಎಂದು ಕೇಳಿದೆ. ಕಿಲೊಂಬೊ ಎಂದೇ ಬರೆದುಕೊ, ಕೆಳಗೆ ಅಂಗೋಲಾದಿಂದ ಇಲ್ಲಿಯವರೆಗಿನ ದಾರಿಯನ್ನೂ ಬರೆ ಎಂದಳು. ಸಾನ್ ತೆಲ್ಮೊದ ಬೆಳ್ಳಿ ಸಾಮಾನಿಗೆ ಪುಟಗಟ್ಟಲೆ ಮೀಸಲಿಡುವ ಪ್ರವಾಸಿ ಕೈಪಿಡಿಗಳಲ್ಲಿ ಆ ದಾರಿಗೆ ಒಂದು ಪುಟವಾದರೂ ಸಿಗಬೇಕು.